ಸೀಮೆಸುಣ್ಣದ ವ್ಯಾನು

ಭಾನುವಾರ ಬೆಳಿಗ್ಗೆ, ಸ್ವಾನ್‌ಸಿಯ ಏರುಬೀದಿಯೊಂದರ ಹಿತ್ತಿಲಲ್ಲಿ
ಡೆಲಿತ್ ಮೊಣಕಾಲೂರಿ
ಕಾಂಕ್ರೀಟಿನ ಮೇಲೆ ಮೂರು ವ್ಯಾನು ಬರೆದಳು,
ಒಂದರ ಹೊಟ್ಟೆಯೊಳಗೊಂದು:
ಚಿಕ್ಕದು, ನಡುವಿನದು, ದೊಡ್ಡದು.
ಬೇಲಿಯಾಚೆಯ ಹುಡುಗಿ ಕೇಳಿತು, ಕುಂಟೆಬಿಲ್ಲೆಯಾ?
ಹೂಂ ಕಣೇ,
ಬಿಲ್ಲೆ ಯಾವ ಮನೆಗೆ ಎಸೆಯಬೇಕೋ ತಿಳಿಯುತ್ತಿಲ್ಲ.

ಹಳೆಯದು ಕಳೆದ ವಾರ ಏರಿನ ನಡುವೆಯೇ ಕೈಕೊಟ್ಟಿತು.
ಅದು ಎಮ್ರಿಸ್ ಬಿಟ್ಟುಕೊಟ್ಟದ್ದು,
ಅವಳಿಗೆ ನಲ್ಲಿ ಬಿಚ್ಚಲು ಕಲಿಸಿದ ಎಮ್ರಿಸ್.
ಉದ್ದ ಬಾಲ, ಎತ್ತರದ ಚಾವಣಿ,
ಒಳಗೆ ನಿಂತು, ತಲೆ ತಗ್ಗಿಸದೆ, ಒದ್ದೆ ಅಂಗಿ ಬದಲಿಸಬಹುದಿತ್ತು.
ಆದರೆ ದೋಣಿಕಟ್ಟೆಯ ಹೊಸ ಫ್ಲಾಟುಗಳಲ್ಲಿ
ನೆಲಮಾಳಿಗೆಯ ಬಾಯಿಗೆ ತೂಗುಬಿಟ್ಟ ಹಳದಿ ಅಡ್ಡಪಟ್ಟಿ
ಎರಡು ಮೀಟರಿಗೆ ಮೇಲೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದು.
ಬೀದಿಯಲ್ಲೇ ನಿಲ್ಲಿಸಿ, ದಂಡ ಕಟ್ಟಿ,
ಬಾಯ್ಲರು ಹೊತ್ತು ಇಳಿಜಾರು ಇಳಿದದ್ದು
ಅವಳ ಎಡಸೊಂಟಕ್ಕೆ ಈಗಲೂ ನೆನಪಿದೆ.

ದೊಡ್ಡದೇ ತಗೋ, ವ್ಯಾಪಾರ ಬೆಳೆಯುತ್ತೆ, ಅಂದ ಮಾರುವವನು.
ಚಿಕ್ಕದು ಸಾಕು, ಡೀಸೆಲು ಕುಡಿಯಲ್ಲ, ಅಂದಳು ಲೆಕ್ಕ ಬರೆಯುವ ನೆರಿಸ್.
ಹಾಸಿಗೆ ಇದ್ದಷ್ಟು ಕಾಲು ಚಾಚು, ಸರಿ;
ಮೂರು ಮೀಟರಿನ ತಾಮ್ರದ ಪೈಪಿಗೆ
ಮಡಚಲು ಮೊಣಕಾಲೇ ಇಲ್ಲವಲ್ಲ.

ತಾಡಪಾಲು ಹಾಸಿ ಹಳೆಯ ವ್ಯಾನನ್ನು ಬರಿದು ಮಾಡಿದರು,
ಅವಳು ಮತ್ತು ಕೆಲಸ ಕಲಿಯುವ ಹುಡುಗ ಟೆಗಿಡ್.
ಬಚ್ಚಲಮನೆಯ ತೂಕದ ಯಂತ್ರದ ಮೇಲೆ
ಒಂದೊಂದನ್ನೂ ಎತ್ತಿಕೊಂಡು ನಿಂತಳು.
ನನ್ನ ತೂಕ ಕಳೆದು ಬರಿ, ಅಂದಳು,
ನನ್ನದನ್ನು ಬರೀಬೇಡ.
ಬರೀಲೇಬೇಕು, ಅಂದ ಟೆಗಿಡ್, ಪುಸ್ತಿಕೆಯಲ್ಲಿದೆ:
ಹೊರುವ ಭಾರದಲ್ಲಿ ಕೂತವರೂ ಸೇರುತ್ತಾರೆ,
ಚಹಾದ ಫ್ಲಾಸ್ಕೂ.

ಮೊಣಕೈ ಜೋಡಣೆಗಳ ಡಬ್ಬಿ, ಬೆಸುಗೆ ದೀಪ, ಧೂಳು ಹೀರುವ ಯಂತ್ರ,
ಗಿರಾಕಿಯ ಕಾರ್ಪೆಟ್ಟಿನ ಮೇಲೆ ಹಾಸುವ ಹಳೇ ದುಪ್ಪಟಿ,
ಇವು ದಿನವೂ ಕೈಗೆ ಬರುವಂಥವು.
ಉಳಿದದ್ದು?
ಇಂಚಿನ ಕಾಲದ ಹಿತ್ತಾಳೆ ತಿರುಪುಗಳು,
ಕಂಪನಿಯೇ ಮುಚ್ಚಿಹೋದ ಬಾಯ್ಲರಿನ ಎರಡು ಪಂಪು,
ಸೀಸದ ಹಾಳೆ ಬಡಿಯುವ ಮರದ ಕೊಡತಿ,
ಯಾರದೋ ಸ್ನಾನದ ತೊಟ್ಟಿಯ ಸಿಂಹಪಾದ, ಒಂದೇ ಒಂದು.
ಟೆಗಿಡ್ ಕೂಡಿಸಿದ: ನೂರ ನಲವತ್ತು ಕಿಲೊ.
ಹನ್ನೊಂದು ವರ್ಷ ಅವಳು ಗುಡ್ಡ ಹತ್ತಿಸಿದ
ಬೇಕಾದೀತು ಎಂಬ ಒಂದು ಮಾತಿನ ತೂಕ.

ಆಮೇಲೆ ಪೈಪು.
ಚಿಕ್ಕದರಲ್ಲಿ ಮಲಗಿಸಿದರೆ ಹಿಂದಕ್ಕೆ ಎರಡು ಮೊಳಕ್ಕೂ ಮಿಕ್ಕಿ ಹೊರಗೆ.
ಮೇಲೆ ಕಟ್ಟೋಣವೆ? ಹಳದಿ ಪಟ್ಟಿ ಕಾದು ಕೂತಿದೆ.
ನಡುವಿನದರಲ್ಲಿ, ಚಾಲಕನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ;
ಕಿಂಡಿ ದಾಟಿ, ಪಕ್ಕದ ಸೀಟಿನಡಿ ತೂರಿ
ಪೈಪಿನ ತುದಿ ಬಂದು ನಿಲ್ಲುವುದು
ಟೆಗಿಡ್‌ನ ಎರಡು ಬೂಟುಗಳ ನಡುವೆ.
ಬಕೆಟ್ಟು ಬೋರಲು ಹಾಕಿ, ಕಾಲಗಲಿಸಿ ಕೂತು ನೋಡಿದ.
ಪರವಾಗಿಲ್ಲ, ಅಂದ,
ಚಳಿಗಾಲದಲ್ಲಿ ಸ್ವಲ್ಪ ತಣ್ಣಗಿರುತ್ತೆ.

ಊಟದ ಹೊತ್ತಿಗೆ ಎಮ್ರಿಸ್ ಬಂದ, ಹೊಸ ಮಂಡಿ, ಹಳೇ ಕೋಟು.
ರಾಶಿಯನ್ನು ನೋಡಿದ. ಏನೂ ಅನ್ನಲಿಲ್ಲ.
ಕೊಡತಿಯೊಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ,
ಬೇಕಾದೀತು, ಅಂದ.
ನಡುವಿನ ವ್ಯಾನಿಗೆ ಒಂದು ಸುತ್ತು ಬಂದು
ಗೆರೆ ತುಳಿಯದೆ ನಿಂತು ಕೇಳಿದ:
ಬಾಗಿಲು ಯಾವ ಕಡೆ?

ಡೆಲಿತ್ ನೋಡಿದಳು.
ಮೂರಕ್ಕೂ ಬಾಗಿಲೇ ಬರೆದಿರಲಿಲ್ಲ.
ಬೆಳಗಿನಿಂದ ಅಷ್ಟು ಸಾಮಾನು ಹೊತ್ತು
ಗೋಡೆಯೊಳಗಿಂದಲೇ ಓಡಾಡಿದ್ದರು ಇಬ್ಬರೂ.
ಸೀಮೆಸುಣ್ಣ ಉಗುರಿನಷ್ಟು ಉಳಿದಿತ್ತು.
ತನ್ನ ಬೀದಿಯನ್ನು ಮನಸ್ಸಿನಲ್ಲೇ ಇಳಿದು, ನಿಲ್ಲಿಸಿ,
ಫುಟ್‌ಪಾತು ಯಾವ ಕೈಗೆ ಬರುತ್ತದೆಂದು
ಒಂದೊಂದೇ ಕೈ ಎತ್ತಿ ನೋಡಿಕೊಂಡಳು.